ಊರೂರು ಸುತ್ತಿ ಬರುವಾಗ ಏನು ತರಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ರಜೆಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲವೂ ಕರ್ನಾಟಕದೊಳಗಿನ ಓಡಾಟಕ್ಕೆ ಸೇರಿದ್ದು. ಕೊನೆಯಲ್ಲಿ ಮಾತ್ರ ವಿಮಾನ ಹತ್ತುವವರಿಗೆ ಒಂದಿಷ್ಟು ಮಾತಿದೆ.

## ಹೊರಡುವ ಮುಂಚೆ

ಟೂರ್‌ಗೆ ಹೋದ ಮೇಲೆ ಅಕ್ಕಪಕ್ಕದವರಿಗೆಲ್ಲಾ ಏನಾದ್ರೂ ತರಲೇಬೇಕಾ?

ತರಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆದರೆ ನೀವು ಊರಲ್ಲಿಲ್ಲದಾಗ ಹಾಲಿನ ಪ್ಯಾಕೆಟ್ ಎತ್ತಿಟ್ಟವರು, ಗಿಡಕ್ಕೆ ನೀರು ಹಾಕಿದವರು ಇರುತ್ತಾರಲ್ಲ, ಅವರಿಗೆ ತನ್ನಿ. ಉಳಿದವರಿಗೆ ಒಂದು ದೊಡ್ಡ ಡಬ್ಬಿ ತೆರೆದಿಟ್ಟರೆ ಸಾಕು. ಆಫೀಸಿಗಂತೂ ಒಂದು ಕೆಜಿ ಪೇಡೆ ಧಾರಾಳ. ಮೂವತ್ತು ಕೀ ಚೈನ್ ಕೊಳ್ಳುವ ದುಡ್ಡಿಗೆ ಒಂದು ಒಳ್ಳೆಯ ವಸ್ತು ಮನೆಗೆ ಬರುತ್ತದೆ.

ಈಗ ಎಲ್ಲಾ ಬೆಂಗಳೂರಲ್ಲೇ ಸಿಗುತ್ತಲ್ವಾ, ಅಲ್ಲಿಂದ ಯಾಕೆ ಹೊತ್ಕೊಂಡು ಬರಬೇಕು?

ಸಿಗುತ್ತದೆ, ನಿಜ. ಪ್ಯಾಕೆಟ್ ಕರದಂಟು, ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಗೊಂಬೆ ಎಲ್ಲವೂ ಬೆಂಗಳೂರಿನ ಅಂಗಡಿಗಳಲ್ಲಿವೆ. ನನ್ನ ಲೆಕ್ಕ ಸರಳ. ಇಲ್ಲಿ ಸಿಗುವುದೂ ಅಲ್ಲಿ ಸಿಗುವುದೂ ಒಂದೇ ಆಗಿದ್ದರೆ ಹೊರಬೇಡಿ. ಅಲ್ಲಿ ತಾಜಾ ಸಿಗುವುದು, ಅಲ್ಲಿ ಮಾಡಿದವರನ್ನೇ ಕೇಳಿ ಆರಿಸಬಹುದಾದ್ದು, ಅಲ್ಲಿ ಮಾತ್ರ ಹತ್ತು ಬಗೆ ನೋಡಲು ಸಿಗುವುದು, ಇವಕ್ಕೆ ಬ್ಯಾಗಿನಲ್ಲಿ ಜಾಗ ಕೊಡಿ. ಸೋಪು ಒಳ್ಳೆಯದೇ, ಆದರೆ ಅದಕ್ಕಾಗಿ ಮೈಸೂರಿನ ಸಂತೆಯಲ್ಲಿ ಒಂದು ಸಂಜೆ ಕಳೆಯಬೇಕಾಗಿಲ್ಲ. ಬೀದರ್‌ನಲ್ಲಿ ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ) ಕೆಲಸಗಾರರ ಅಂಗಡಿಯಲ್ಲಿ ಕೂತು ಹೂದಾನಿ ಆರಿಸುವುದು ಬೇರೆ ಮಾತು.

ಮೊದಲ ದಿನಾನೇ ಕೊಂಡುಬಿಟ್ರೆ ಕೊನೆಗೆ ಗಡಿಬಿಡಿ ಇರಲ್ಲ ಅಲ್ವಾ?

ಸೀರೆ, ಗೊಂಬೆ, ಬಿದರಿ ಸಾಮಾನು ಮೊದಲ ದಿನವೇ ಕೊಂಡರೆ ತೊಂದರೆಯಿಲ್ಲ. ತಿಂಡಿ ಮಾತ್ರ ಬೇಡ. ಬೇಸಿಗೆಯಲ್ಲಿ ಕಾರಿನ ಡಿಕ್ಕಿ ಒಲೆಯ ಹಾಗೆ ಕಾಯುತ್ತದೆ, ಅದರೊಳಗೆ ಮೂರು ದಿನ ಸುತ್ತಿದ ಕುಂದಾ ಯಾರಿಗೂ ಬೇಡ. ಹಾಲಿನ ಸಿಹಿಯನ್ನು ವಾಪಸ್ ಹೊರಡುವ ದಿನವೇ ಕೊಳ್ಳಿ. ಬೆಲ್ಲದ್ದು, ಒಣಗಿದ್ದು, ಉಪ್ಪಿನಲ್ಲಿ ಹಾಕಿದ್ದು ಎಲ್ಲಿ ಕೊಂಡರೂ ನಡೆಯುತ್ತದೆ.

ಮನೇಲಿ ಎಲ್ಲರಿಗೂ ಶುಗರ್ ಇದೆ. ಸಿಹಿ ಬಿಟ್ಟು ಏನು ಒಯ್ಯಲಿ?

ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ, ಕಲಬುರಗಿ ತೊಗರಿಬೇಳೆ, ಕಡಕ್ ರೊಟ್ಟಿ. ತೊಗರಿಬೇಳೆ ಅಂದರೆ ನಗುವವರಿದ್ದಾರೆ. ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಆ ಕಡೆಯ ಮಣ್ಣಿನ ರುಚಿಯಿದೆ, ಬೇಗ ಬೇಯುತ್ತದೆ. ಅಡುಗೆ ಮಾಡುವವರ ಕೈಗೆ ಕೊಟ್ಟು ನೋಡಿ, ಪೇಡೆಗಿಂತ ಜಾಸ್ತಿ ಖುಷಿಪಡುತ್ತಾರೆ.

## ತಿನ್ನುವುದು

ಧಾರವಾಡ ಪೇಡೆ ಎಲ್ಲಿ ತಗೊಂಡ್ರೆ ಒರಿಜಿನಲ್? ಎಷ್ಟು ದಿನ ಇರುತ್ತೆ?

ಪೇಡೆಯ ಕಥೆ ಶುರುವಾಗುವುದು ಉತ್ತರ ಪ್ರದೇಶದ ಉನ್ನಾವ್‌ನಲ್ಲಿ. 19ನೇ ಶತಮಾನದಲ್ಲಿ ಅಲ್ಲಿ ಪ್ಲೇಗ್ ಬಂದಾಗ ಠಾಕೂರ್ ಮನೆತನದವರು ಧಾರವಾಡಕ್ಕೆ ಬಂದು ನೆಲೆ ನಿಂತರು. ಅವರ ಕೈಯ ಪೇಡೆ ಇಲ್ಲಿನ ಹಾಲಿಗೆ ಒಗ್ಗಿಕೊಂಡು ಧಾರವಾಡದ್ದೇ ಆಯಿತು. ಲೈನ್ ಬಜಾರಿನಲ್ಲಿ ಬಾಬುಸಿಂಗ್ ಠಾಕೂರ್ ಹೆಸರಿನ ಅಂಗಡಿ ಈಗಲೂ ಇದೆ, ಮುಂದೆ ಸಾಲೂ ಇರುತ್ತದೆ. ಇತ್ತ ಮಿಶ್ರಾ ಪೇಡೆ ಬಸ್ ನಿಲ್ದಾಣಗಳಲ್ಲೂ ಹೆದ್ದಾರಿಯಲ್ಲೂ ಸಿಗುತ್ತದೆ. ಎರಡಕ್ಕೂ ಅವರವರ ಪಕ್ಷದವರಿದ್ದಾರೆ. ಈ ಜಗಳದಲ್ಲಿ ನಾನು ಸಾಲಿನ ಕಡೆ: ಠಾಕೂರ್ ಪೇಡೆಯಲ್ಲಿ ಖೋವಾ ಕಂದುಬಣ್ಣಕ್ಕೆ ತಿರುಗಿದ ಆ ಸುಟ್ಟ ಪರಿಮಳ ಎದ್ದು ಕಾಣುತ್ತದೆ.

ಹಾಲನ್ನು ಬತ್ತಿಸಿ, ಖೋವಾ ಮಾಡಿ, ಅದನ್ನು ಮತ್ತೆ ಬಹಳ ಹೊತ್ತು ಹುರಿಯುವುದರಿಂದ ನೀರಿನಂಶ ಕಡಿಮೆಯಾಗುತ್ತದೆ. ಅದಕ್ಕೇ ಬೇರೆ ಹಾಲಿನ ಸಿಹಿಗಿಂತ ಇದು ಜಾಸ್ತಿ ದಿನ ತಡೆಯುತ್ತದೆ. ಒಂದು ವಾರ ಫ್ರಿಡ್ಜ್ ಇಲ್ಲದೆಯೂ ಚಿಂತೆಯಿಲ್ಲ. ಮೇಲಿನ ಸಕ್ಕರೆಪುಡಿ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಳೆಯದು ಅಥವಾ ಸೆಕೆಯಲ್ಲಿ ಇಟ್ಟದ್ದು, ಬಿಟ್ಟುಬಿಡಿ.

ಬೆಳಗಾವಿ ಕುಂದಾನೂ ಹಾಗೇ ಇಡಬಹುದಾ?

ಇಲ್ಲ. ಕುಂದಾ ಮೆತ್ತಗಿರುತ್ತದೆ, ತೇವ ಜಾಸ್ತಿ. ಹೊರಗೆ ಎರಡು ದಿನ ಅಂದುಕೊಳ್ಳಿ, ಮನೆಗೆ ಬಂದ ಕೂಡಲೇ ಫ್ರಿಡ್ಜ್‌ಗೆ. ರಾತ್ರಿ ರೈಲಿಗೆ ಹತ್ತುವ ಮುಂಚೆ ಕೊಂಡರೆ ಸರಿಯಾಗುತ್ತದೆ.

ಕರದಂಟು ಗೋಕಾಕದ್ದು ತರಲೋ ಅಮೀನಗಡದ್ದೋ?

ನಿಮ್ಮ ದಾರಿ ಯಾವುದು ಅಂತ ಮೊದಲು ನೋಡಿ. ಗೋಕಾಕ ಜಲಪಾತಕ್ಕೆ ಹೋದವರಿಗೆ ಗೋಕಾಕದ್ದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿದವರಿಗೆ ಅಮೀನಗಡ ಹತ್ತಿರ. ಅದು ಬಾಗಲಕೋಟೆ ಜಿಲ್ಲೆಯಲ್ಲಿ ಐಹೊಳೆಯ ಪಕ್ಕದಲ್ಲೇ ಇರುವ ಊರು. ಒಂದನ್ನು ಬಿಟ್ಟು ಇನ್ನೊಂದಕ್ಕಾಗಿ ನೂರು ಕಿಲೋಮೀಟರ್ ಸುತ್ತುವುದು ಹುಚ್ಚು.

ಎರಡರಲ್ಲೂ ತುಪ್ಪದಲ್ಲಿ ಕರಿದ ಅಂಟು (ತಿನ್ನುವ ಗೋಂದು), ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಇರುತ್ತವೆ. ಬಾಣಂತಿಯರಿಗೆ ಕೊಡುತ್ತಿದ್ದ ತಿನಿಸು ಇದು, ಹಾಗಾಗಿ ಒಂದು ತುಂಡಿಗೇ ಹೊಟ್ಟೆ ತುಂಬುತ್ತದೆ. ಬೆಲೆಯ ಪ್ರಕಾರ ದರ್ಜೆಗಳಿವೆ. ಅಗ್ಗದ್ದರಲ್ಲಿ ಬೆಲ್ಲ, ಕೊಬ್ಬರಿಯೇ ಜಾಸ್ತಿ. ಇಲ್ಲಿ ಮಾತ್ರ ಜಿಪುಣತನ ಬೇಡ, ಮೇಲಿನ ದರ್ಜೆಯದ್ದನ್ನು ಅರ್ಧ ಕೆಜಿ ತನ್ನಿ. ಕೊಳ್ಳುವ ಮುಂಚೆ ಒಂದು ಚೂರು ಕೇಳಿ ತಿನ್ನಿ. ಅಂಟು ಕರುಂ ಅನ್ನಬೇಕು. ಹಲ್ಲಿಗೆ ಜಿಗುಟಾಗಿ ಹಿಡಿದುಕೊಂಡರೆ ಅದು ಸರಿಯಾಗಿ ಅರಳಿಲ್ಲ.

ಮೈಸೂರು ಪಾಕ್ ಗಟ್ಟಿ ಇರಬೇಕಾ, ಮೆತ್ತಗಿರಬೇಕಾ?

ಮನೆ ಒಡೆಯುವಂಥ ಪ್ರಶ್ನೆ! ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಎನ್ನುತ್ತಾರೆ. ಅವರ ಮನೆಯವರ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡೇ ಇದೆ. ತುಪ್ಪದಲ್ಲಿ ತೇಲುವ ಮೆತ್ತನೆಯದು ಆಮೇಲೆ ಜನಪ್ರಿಯವಾಯಿತು.

ರುಚಿ ಅವರವರಿಗೆ ಬಿಟ್ಟದ್ದು. ಪ್ರಯಾಣಕ್ಕೆ ಮಾತ್ರ ಗಟ್ಟಿಯದೇ ಸರಿ. ಕುದಿಯುವ ತುಪ್ಪ ಬಿದ್ದಾಗ ಕಡಲೆಹಿಟ್ಟು ನೊರೆಯಾಗಿ ಉಬ್ಬಿ, ಒಳಗೆ ತೂತು ತೂತಾಗಿ, ನಡುವೆ ಕಂದು ಗೆರೆ ಬಂದಿರುತ್ತದೆ. ಅದು ಎರಡು ವಾರವಾದರೂ ಆಕಾರ ಬಿಡದು. ಮೆತ್ತನೆಯದು ಏಪ್ರಿಲ್ ಬಿಸಿಲಿಗೆ ತುಪ್ಪ ಬಿಟ್ಟುಕೊಂಡು ಡಬ್ಬಿ, ಚೀಲ, ಪಕ್ಕದ ಅಂಗಿ ಎಲ್ಲಾ ನೆನೆಸುತ್ತದೆ. ಯಾವುದಾದರೂ ಸರಿ, ಫ್ರಿಡ್ಜ್‌ನಲ್ಲಿ ಇಡಬೇಡಿ, ತುಪ್ಪ ಹೆಪ್ಪುಗಟ್ಟಿ ರುಚಿ ಕೆಡುತ್ತದೆ.

ಮದ್ದೂರು ವಡೆ ಮನೆಗೆ ಬರೋಷ್ಟರಲ್ಲಿ ಮೆತ್ತಗಾಗುತ್ತೆ, ಏನು ಮಾಡೋದು?

ರೈಲಲ್ಲೇ ತಿಂದುಬಿಡಿ. ಉಳಿದರೆ ಬಿಸಿಯಾಗಿರುವಾಗ ಮುಚ್ಚಳ ಹಾಕಬೇಡಿ, ಕಾಗದದಲ್ಲಿ ಸುತ್ತಿ. ಮನೆಯಲ್ಲಿ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ. ಈರುಳ್ಳಿ ಇರುವುದರಿಂದ ಮಾರನೆಯ ದಿನ ದಾಟಿಸಬೇಡಿ. ಇದರ ಜೊತೆಗೇ ಕೇಳುವ ಇನ್ನೊಂದು: ದಾವಣಗೆರೆ ಬೆಣ್ಣೆ ದೋಸೆ ಪಾರ್ಸೆಲ್. ದಯವಿಟ್ಟು ಬೇಡ.

ಜ್ವಾಳದ ರೊಟ್ಟಿ ಮುರೀದಂಗ ಬೆಂಗಳೂರಿಗೆ ಒಯ್ಯೂದು ಹ್ಯಾಂಗ್ರಿ?

ಉತ್ತರ ಕರ್ನಾಟಕದಿಂದ ತರಬೇಕಾದ್ದು ಒಂದೇ ಅಂತ ಯಾರಾದರೂ ಪಟ್ಟು ಹಿಡಿದರೆ ನಾನು ಹೇಳುವುದು ಕಡಕ್ ರೊಟ್ಟಿ ಮತ್ತು ಚಟ್ನಿ. ಪೇಡೆಯನ್ನೂ ಹಿಂದೆ ಹಾಕಿ. ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆ, ಕಲಬುರಗಿ ಎಲ್ಲ ಕಡೆ ಹೆಣ್ಣುಮಕ್ಕಳು ಮನೆಯಲ್ಲೇ ಬಡಿದು ಮಾರುವ ರೊಟ್ಟಿ ಕೇಂದ್ರಗಳಿವೆ. ಬಿಳಿಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದ್ದು ಎರಡೂ ಸಿಗುತ್ತವೆ. ತೇವ ತಾಗದ ಡಬ್ಬಿಯಲ್ಲಿ ಒಂದು ತಿಂಗಳು ಸಲೀಸಾಗಿ ಇರುತ್ತವೆ.

ಒಯ್ಯುವ ರೀತಿ ಹೀಗೆ. ರೊಟ್ಟಿಯಷ್ಟೇ ಅಗಲದ ಗುಂಡು ಸ್ಟೀಲ್ ಡಬ್ಬಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು, ಹಳೆಯ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಒಂದಕ್ಕೊಂದು ಬಡಿದು ಮುರಿಯುತ್ತವೆ. ಬ್ಯಾಗನ್ನು ಅಡ್ಡ ಮಲಗಿಸಿ, ನಿಲ್ಲಿಸಬೇಡಿ. ಇಷ್ಟಾದರೂ ನಾಲ್ಕು ಮುರಿದೇ ಮುರಿಯುತ್ತವೆ. ಅವನ್ನು ಮೊಸರಿಗೆ ಹಾಕಿ, ಹಸಿ ಈರುಳ್ಳಿ, ಶೇಂಗಾ ಚಟ್ನಿ ಕಲಸಿ ತಿನ್ನಿ. ಮುರಿದದ್ದಕ್ಕೆ ಬೇಜಾರು ಯಾಕಾಯಿತು ಅನಿಸುತ್ತದೆ.

ಚಟ್ನಿಗಳಲ್ಲಿ ಶೇಂಗಾ ಎಲ್ಲರಿಗೂ ಗೊತ್ತು. ಗುರೆಳ್ಳು, ಅಗಸಿ ಎರಡನ್ನೂ ಬಿಡಬೇಡಿ. ಅಗಸಿ ಚಟ್ನಿಯಲ್ಲಿನ ಎಣ್ಣೆ ಬೇಗ ಕಮಟುತ್ತದೆ, ಅದನ್ನು ಸ್ವಲ್ಪವೇ ತಂದು ಫ್ರಿಡ್ಜ್‌ನಲ್ಲಿ ಇಡಿ.

ಬ್ಯಾಡಗಿ ಮೆಣಸಿನಕಾಯಿ ಅಂತ ಎಲ್ಲ ಕಡೆ ಮಾರ್ತಾರೆ. ನಿಜವಾದ್ದು ಹೇಗೆ ಗೊತ್ತಾಗುತ್ತೆ?

ಬ್ಯಾಡಗಿ ಹಾವೇರಿ ಜಿಲ್ಲೆಯ ಊರು. ಅಲ್ಲಿನ ಮಾರುಕಟ್ಟೆಗೆ ಸುತ್ತಲಿನ ಜಿಲ್ಲೆಗಳಿಂದಲೂ ಕಾಯಿ ಬರುತ್ತದೆ. ನಿಜವಾದ್ದು ಕಡು ಕೆಂಪು, ಮೈಯೆಲ್ಲಾ ಸುಕ್ಕು, ಖಾರ ಕಡಿಮೆ. ನುಣ್ಣಗೆ ಹೊಳೆಯುತ್ತಾ, ಮುರಿದರೆ ಮೂಗಿಗೆ ಘಾಟು ಹೊಡೆದರೆ ಬೇರೆ ತಳಿ. ಬ್ಯಾಡಗಿಯಲ್ಲೇ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕಡ್ಡಿ ಅಂದರೆ ಉದ್ದ, ಸಣಕಲು. ಡಬ್ಬಿ ಅಂದರೆ ಗಿಡ್ಡ, ದಪ್ಪ, ಬಣ್ಣ ಇನ್ನೂ ಜಾಸ್ತಿ. ಬಿಸಿಬೇಳೆ ಬಾತು, ಸಾರಿನ ಪುಡಿಗೆ ಡಬ್ಬಿ ತನ್ನಿ. ಹೊಸ ಬೆಳೆ ಬರುವುದು ಜನವರಿಯಿಂದ ಬೇಸಿಗೆಯವರೆಗೆ. ಮನೆಯಲ್ಲಿ ಒಂದು ದಿನ ಬಿಸಿಲಿಗೆ ಹರಡಿ ಆಮೇಲೆ ತುಂಬಿಡಿ.

ಶಿರಸಿ ಕಡೆ ಹೋಗ್ತಿದ್ದೀವಿ. ಅಲ್ಲಿ ಏನಿದೆ ತರೋಕೆ?

ಅಪ್ಪೆಮಿಡಿ ಉಪ್ಪಿನಕಾಯಿ. ಇದು ಕಾಡಿನ, ಹೊಳೆದಂಡೆಯ ಮಾವಿನ ಎಳೆಯ ಮಿಡಿ. ತೊಟ್ಟು ಮುರಿದರೆ ಬರುವ ಸೊನೆಯಲ್ಲೇ ಪರಿಮಳ. ಜೀರಿಗೆ ವಾಸನೆಯದ್ದಕ್ಕೆ ಜೀರಿಗೆ ಮಿಡಿ ಎಂದೇ ಹೆಸರು. ಉಪ್ಪಿನಲ್ಲಿ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಹೋದದ್ದು ಮಾರ್ಚ್ ಹೊತ್ತಿಗಾದರೆ ಹಸಿ ಮಿಡಿಯನ್ನೇ ಕೊಂಡು ಮನೆಯಲ್ಲಿ ಉಪ್ಪು ಹಾಕಬಹುದು.

ಇನ್ನೊಂದು ತೊಡೆದೇವು. ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಅಕ್ಕಿಹಿಟ್ಟು ಕಬ್ಬಿನಹಾಲಿನ ತೆಳು ಹಿಟ್ಟನ್ನು ಬಟ್ಟೆಯಲ್ಲಿ ಸವರಿ ಎತ್ತುತ್ತಾರೆ. ಕಾಗದಕ್ಕಿಂತ ತೆಳು. ಕೈಯಲ್ಲೇ ಹಿಡಿದು ಬನ್ನಿ, ಹಾಲು ತುಪ್ಪದ ಜೊತೆ ತಿನ್ನಿ. ಜೋನಿಬೆಲ್ಲ, ಮುರುಗಲು ಹಣ್ಣಿನ ಸಿರಪ್ ಕೂಡ ಒಳ್ಳೆಯವೇ. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಅಲ್ಲಿಂದ ಕರಾವಳಿಗೆ ಇಳಿಯುವವರಿಗೆ ಹಲಸಿನ ಹಪ್ಪಳ ಮತ್ತು ಕೋರಿ ರೊಟ್ಟಿಯ ಪ್ಯಾಕೆಟ್.

ಕೊಡಗಲ್ಲಿ ರಸ್ತೆ ಬದಿ ಜೇನುಗೂಡು ಇಟ್ಕೊಂಡು ಮಾರ್ತಾರಲ್ಲ, ಆ ಜೇನುತುಪ್ಪ ಶುದ್ಧನಾ?

ಪಾತ್ರೆಯೊಳಗೆ ಗೂಡಿನ ತುಂಡು ತೇಲುತ್ತಿದೆ ಅಂದ ಮಾತ್ರಕ್ಕೆ ಏನೂ ಸಾಬೀತಾಗಲ್ಲ. ಸಕ್ಕರೆ ಪಾಕದಲ್ಲೂ ಗೂಡು ತೇಲುತ್ತದೆ. ನೀರಿಗೆ ಹಾಕಿ ನೋಡುವುದು, ಬೆಂಕಿ ಹಚ್ಚುವುದು, ಕಾಗದದ ಮೇಲೆ ಬಿಡುವುದು ಯಾವುದೂ ನಂಬುವ ಪರೀಕ್ಷೆಯಲ್ಲ. ಸಹಕಾರ ಸಂಘಗಳ ಮಳಿಗೆಯಲ್ಲಿ ಮೊಹರು ಹಾಕಿದ ಬಾಟಲಿ ಕೊಳ್ಳಿ. ಚಳಿಗಾಲದಲ್ಲಿ ತಳದಲ್ಲಿ ಹರಳುಗಟ್ಟಿದರೆ ಮೋಸ ಅಂದುಕೊಳ್ಳಬೇಡಿ. ಒಳ್ಳೆಯ ಜೇನುತುಪ್ಪವೂ ಹರಳುಗಟ್ಟುತ್ತದೆ.

ನನ್ನನ್ನು ಕೇಳಿದರೆ ಕೊಡಗಿನಿಂದ ತರಬೇಕಾದ್ದು ಕಾಚಂಪುಳಿ. ಹುಳಿ ಹಣ್ಣಿನ ರಸವನ್ನು ಕಪ್ಪಗೆ, ದಪ್ಪಗೆ ಬತ್ತಿಸಿದ್ದು. ಪಂದಿಕರಿಗೆ (ಹಂದಿಮಾಂಸದ ಸಾರು) ಅದಿಲ್ಲದೆ ರುಚಿಯಿಲ್ಲ, ಮೀನಿನ ಸಾರಿಗೂ ಸೊಗಸು. ಒಂದು ಸಣ್ಣ ಬಾಟಲಿ ವರ್ಷಕ್ಕಾಗುತ್ತದೆ, ಚಮಚ ಎರಡು ಚಮಚ ಮೀರಿ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ.

ಕಾಫಿಪುಡಿ ತರಲಾ, ಬೀಜ ತರಲಾ?

ಮನೆಯಲ್ಲಿ ಗ್ರೈಂಡರ್ ಇದ್ದರೆ ಹುರಿದ ಬೀಜ. ಪುಡಿ ಮಾಡಿದ ಮೇಲೆ ಘಮ ವಾರಗಳಲ್ಲೇ ಇಳಿಯುತ್ತದೆ. ಪುಡಿಯೇ ಬೇಕಾದರೆ ಕಾಲು ಕೆಜಿ ಸಾಕು. ಚಿಕೋರಿ ಎಷ್ಟು ಅಂತ ಕೇಳಿ, ಪ್ಯಾಕೆಟ್ ಮೇಲೆ ನೂರಕ್ಕೆ ಇಷ್ಟು ಅಂತ ಬರೆದಿರುತ್ತದೆ. ಫಿಲ್ಟರ್ ಕಾಫಿಗೆ ನೂರಕ್ಕೆ 20ರಷ್ಟು ಚಿಕೋರಿ ನನಗೆ ಹಿತ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಬೇರೆ ಬೇರೆ ಭೌಗೋಳಿಕ ಗುರುತಿದೆ. ಒಂದರಲ್ಲಿ ಒಂದು ಕಲಸದೆ ಕೇಳಿ ತನ್ನಿ.

## ಇಟ್ಟುಕೊಳ್ಳುವುದು

ಚನ್ನಪಟ್ಟಣದ ಗೊಂಬೆ ಅಂತ ಹೈವೇಲಿ ಮಾರೋದೆಲ್ಲಾ ಅಲ್ಲಿಯದೇನಾ? ಮಗು ಬಾಯಿಗೆ ಹಾಕ್ಕೊಂಡ್ರೆ?

ಎಲ್ಲವೂ ಅಲ್ಲಿಯದಲ್ಲ. ಹೆದ್ದಾರಿ ಅಂಗಡಿಗಳಲ್ಲಿ ಹೊರಗಿನ ಪ್ಲಾಸ್ಟಿಕ್ಕೂ ಪೇಂಟ್ ಬಳಿದ ಮರವೂ ಜೊತೆಯಲ್ಲೇ ಕೂತಿರುತ್ತವೆ. ಚನ್ನಪಟ್ಟಣದ ಕೆಲಸದಲ್ಲಿ ಆಲೆ ಮರವನ್ನು ಯಂತ್ರದಲ್ಲಿ ತಿರುಗಿಸಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಆದ್ದರಿಂದ ಪೇಂಟಿನ ವಾಸನೆ ಇರಬಾರದು, ಉಗುರಿನಲ್ಲಿ ಕೆರೆದರೆ ಪದರ ಏಳಬಾರದು, ಆಕಾರ ದುಂಡಗೆ, ಅಂಚು ನುಣುಪಾಗಿರಬೇಕು.

ಮಗುವಿಗಾದರೆ ಅರಿಶಿನ, ನೀಲಿ ಮುಂತಾದ ಸಸ್ಯದ ಬಣ್ಣ ಹಾಕಿದ್ದು ಅಂತ ಬಿಡಿಸಿ ಕೇಳಿ. ಎಲ್ಲಾ ಗೊಂಬೆಗೂ ಅದನ್ನೇ ಹಾಕುವುದಿಲ್ಲ. ಸಸ್ಯದ ಬಣ್ಣದ್ದು ಸ್ವಲ್ಪ ಮಂಕಾಗಿ ಕಾಣುತ್ತದೆ. ಸಾಧ್ಯವಾದರೆ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ, ಗೊಂಬೆ ಕಡೆಯುವುದನ್ನು ಮಕ್ಕಳಿಗೆ ತೋರಿಸಿ. ಬೆಂಗಳೂರಿಂದ 60 ಕಿಲೋಮೀಟರ್ ಅಷ್ಟೇ.

ಬಿದರಿ ಹೂದಾನಿ ಇಷ್ಟು ದುಬಾರಿ ಯಾಕೆ? ಮೋಸ ಹೋಗದೆ ಇರೋದು ಹೇಗೆ?

ಎರಡು ಕಾರಣ: ಒಂದು ಬೆಳ್ಳಿ, ಇನ್ನೊಂದು ಕೈ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿಯುತ್ತಾರೆ. ಕಡೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ನೀರಿನಲ್ಲಿ ಬಿಸಿ ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳಗುತ್ತದೆ. ಮಳೆ ಬಿಸಿಲು ಕಾಣದ ಕೋಟೆಯ ಹಳೆಯ ಮಣ್ಣೇ ಬೇಕು. ಕೆಲಸಗಾರರು ಅದನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಈ ಕೆಲಸಕ್ಕೆ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಜೇಬಿನಲ್ಲಿ ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಸತು, ತಾಮ್ರ, ಬೆಳ್ಳಿ ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ. ಬೆರಳಾಡಿಸಿದರೆ ಬೆಳ್ಳಿ ಮಟ್ಟಸವಾಗಿ ಸಿಗಬೇಕು. ಮನೆಯಲ್ಲಿ ಹುಣಸೆಹಣ್ಣು, ಪಿತಾಂಬರಿ ಮುಟ್ಟಿಸಬೇಡಿ, ಕಪ್ಪೇ ಹೋಗಿಬಿಡುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ದುಬಾರಿ ಅನಿಸಿದರೆ ಹೂದಾನಿ ಬಿಟ್ಟು ಗುಂಡಿ, ಕಿವಿಯೋಲೆ, ಸಣ್ಣ ಡಬ್ಬಿ ನೋಡಿ.

ಅಮ್ಮನಿಗೆ ಇಳಕಲ್ ಸೀರೆ ತರಬೇಕು. ಕೈಮಗ್ಗದ್ದೇ ಅಂತ ಹೇಗೆ ಹೇಳೋದು?

ಒಡಲಿಗೂ ಸೆರಗಿಗೂ ನಡುವಿನ ಜಾಗ ತಿರುಗಿಸಿ ನೋಡಿ. ಇಳಕಲ್‌ನಲ್ಲಿ ಒಡಲಿನ ಹಾಸು ನೂಲನ್ನೂ ಸೆರಗಿನ ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆ ಸಾಲಾಗಿ ಕಾಣುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ್ ತೆನಿ ಚಿತ್ತಾರ ನೇಯ್ದದ್ದಾಗಿರಬೇಕು, ಅಚ್ಚು ಹಾಕಿದ್ದಲ್ಲ. ಕಸೂತಿ ಇದ್ದರೆ ಹಿಂಬದಿ ನೋಡಿ. ಕೈ ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರುತ್ತದೆ, ಗಂಟು ಕಾಣದು. ಹತ್ತಿರದ ಗುಳೇದಗುಡ್ಡದಲ್ಲಿ ಇದಕ್ಕೆ ಜೊತೆಯಾಗುವ ಕುಪ್ಪಸದ ಬಟ್ಟೆ ಖಣವೂ ಸಿಗುತ್ತದೆ.

ಮೈಸೂರು ರೇಷ್ಮೆಗಾದರೆ ಇಷ್ಟು ತಲೆನೋವಿಲ್ಲ. 1912ರಿಂದ ನಡೆಯುತ್ತಿರುವ ಸರ್ಕಾರಿ ಕಾರ್ಖಾನೆಯ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮಳಿಗೆಯಲ್ಲೇ ಕೊಳ್ಳಿ, ಪ್ರತಿ ಸೀರೆಗೂ ಅದರದ್ದೇ ಸಂಖ್ಯೆ ಇರುತ್ತದೆ. ಆದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಬಣ್ಣಗಳು ಖಾಲಿಯಾಗಿರುತ್ತವೆ.

ಶ್ರೀಗಂಧದ ಮೂರ್ತಿ ಬೀದೀಲಿ ಅಗ್ಗಕ್ಕೆ ಕೊಡ್ತಾರೆ, ತಗೋಬಹುದಾ?

ಬೇಡ. ಅಗ್ಗಕ್ಕೆ ಸಿಗುವುದು ಬೇರೆ ಮರಕ್ಕೆ ಗಂಧದೆಣ್ಣೆ ಸವರಿದ್ದು, ಕೆಲವು ವಾರಗಳಲ್ಲಿ ವಾಸನೆ ಹೋಗುತ್ತದೆ. ನಿಜವಾಗಿಯೂ ಗಂಧವೇ ಆಗಿದ್ದರೆ ಅದು ಎಲ್ಲಿಂದ ಬಂತು ಅನ್ನುವ ದೊಡ್ಡ ತಲೆನೋವು. ಸರ್ಕಾರದ ಕಾವೇರಿ ಮಳಿಗೆಯಲ್ಲಿ ಕೊಂಡು ರಸೀದಿ ಜೋಪಾನ ಮಾಡಿ. ಸಾಗರ, ಸೊರಬದ ಗುಡಿಗಾರರು ಶಿವನಿ ಮರದಲ್ಲೂ ಅಷ್ಟೇ ಚೆಂದ ಕೆತ್ತುತ್ತಾರೆ. ಬೆಲೆಯೂ ಕಡಿಮೆ.

## ವಿಮಾನ ಹತ್ತುವವರಿಗೆ

ಉಪ್ಪಿನಕಾಯಿ, ಕೊಬ್ಬರಿ ಕೈಚೀಲದಲ್ಲಿ ಬಿಡ್ತಾರಾ?

ಉಪ್ಪಿನಕಾಯಿ, ಖಾರದಪುಡಿ, ಜೇನುತುಪ್ಪ, ತುಪ್ಪ ಎಲ್ಲವನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕಿ. ತಪಾಸಣೆಯಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಇಡೀ ಒಣಕೊಬ್ಬರಿ ಮಾತ್ರ ಎಲ್ಲೂ ಬೇಡ. ಎಣ್ಣೆಯಂಶ ಜಾಸ್ತಿಯಿದ್ದು ತಾನಾಗಿ ಕಾವು ಏರಿ ಉರಿ ಹತ್ತಬಹುದು ಅಂತ ವಿಮಾನಯಾನದ ನಿಯಮಗಳಲ್ಲಿ ಅದು ಅಪಾಯದ ಸಾಮಾನು. ಅಂಟಿನುಂಡೆಗೆ ಕೊಬ್ಬರಿ ಬೇಕಾದರೆ ಹೋದ ಊರಲ್ಲೇ ಕೊಳ್ಳಿ.

ಮಗಳು ದುಬೈನಲ್ಲಿ, ಮಗ ಜರ್ಮನಿಯಲ್ಲಿ. ಇಬ್ಬರಿಗೂ ಒಂದೇ ಥರ ಕಟ್ಟಿಕೊಂಡು ಹೋಗಬಹುದಾ?

ಹೋಗಬಾರದು. ದುಬೈಗೆ ಗಸಗಸೆ ಕಟ್ಟುನಿಟ್ಟಾಗಿ ನಿಷಿದ್ಧ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ಸಿಂಗಾಪುರದಲ್ಲೂ ಹಾಗೇ. ಗಸಗಸೆಯ ಪೊಟ್ಟಣ ಒಯ್ಯದಿದ್ದರೂ ಕರದಂಟಿನಲ್ಲಿ, ಅನಾರಸದ ಮೇಲೆ, ಮನೆಯ ಮಸಾಲೆಪುಡಿಯಲ್ಲಿ ಗಸಗಸೆ ಇರುತ್ತದೆ. ಪೊಟ್ಟಣದ ಮೇಲಿನ ಪಟ್ಟಿ ಓದಿ, ಅಂಗಡಿಯವರನ್ನು ಕೇಳಿ. ವೀಳ್ಯದೆಲೆ, ಪಾನ್ ಕೂಡ ದುಬೈಗೆ ಬೇಡ.

ಜರ್ಮನಿಯೂ ಸೇರಿ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಾಗಾಗಿ ಪೇಡೆ, ಕುಂದಾ, ತುಪ್ಪ ಮನೆಯಲ್ಲೇ ಇರಲಿ. ಮಗನಿಗೆ ರೊಟ್ಟಿ, ಶೇಂಗಾ ಚಟ್ನಿ, ಕಾಫಿಪುಡಿ ಒಯ್ಯಿರಿ. ಅಮೆರಿಕಕ್ಕೆ ಹೊರಟವರು ಕರಿಬೇವು, ಹಣ್ಣು, ಬಿತ್ತುವ ಬೀಜ ಬಿಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಮರದ ಗೊಂಬೆ ಒಯ್ದರೂ ಫಾರ್ಮಿನಲ್ಲಿ ಬರೆಯಲೇಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ಸಾಮಾನು ತೆಗೆದಿಟ್ಟುಕೊಳ್ಳುತ್ತಾರೆ, ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ಆ ದೇಶದ ಕಸ್ಟಮ್ಸ್ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ.